ಸೋರಿಕೆ ಹೊರಟ ಜಾಗ

ಹಂಚಿನ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ನೀರು ತೊಟ್ಟಿಕ್ಕುವ ಜಾಗವೇ ಬೇರೆ, ಹಂಚು ಒಡೆದಿರುವ ಜಾಗವೇ ಬೇರೆ. ಒಡಕಿನಿಂದ ಒಳಬಂದ ನೀರು ರೀಪಿಗೆ ಇಳಿದು, ಪಕಾಸಿ ಹಿಡಿದು ಹರಿದು, ಎಲ್ಲೋ ಒಂದು ಗಂಟಿನ ಬಳಿ ತಡೆದು ನಿಂತು, ಕೊನೆಗೆ ನಡುಮನೆಗೆ ಬೀಳುತ್ತದೆ. ಕೆಳಗೆ ಪಾತ್ರೆ ಇಟ್ಟರೆ ನೆಲವೇನೋ ಉಳಿಯುತ್ತದೆ. ಆದರೆ ಏಣಿ ಹಾಕಿ ಮಾಡು ಹತ್ತಿ, ನೀರು ಬಂದ ದಾರಿಯನ್ನು ಹಿಂದಕ್ಕೆ ಹುಡುಕುತ್ತ ಹೋದವನಿಗೆ ಮಾತ್ರ ಒಡೆದ ಹಂಚು ಸಿಗುತ್ತದೆ.

ಗುದನಾಳದ ಕ್ಯಾನ್ಸರಿಗೆ ಆಪರೇಷನ್ ಆಗಿ, ಹೊಟ್ಟೆಯ ಎಡಭಾಗದಲ್ಲಿ ಕೊಲೊಸ್ಟಮಿ, ಅಂದರೆ ಮಲ ಹೊರಗಿನ ಚೀಲಕ್ಕೆ ಬೀಳುವ ದಾರಿ, ಮಾಡಿಸಿಕೊಂಡು ಅಪ್ಪ ಮನೆಗೆ ಬಂದ ಮೊದಲ ಎರಡು ತಿಂಗಳು ನಾವು ಮನೆಯವರೆಲ್ಲ ಕೆಳಗೆ ಪಾತ್ರೆ ಇಡುವ ಕೆಲಸವನ್ನೇ ಮಾಡಿದೆವು. ಚೀಲದ ಅಂಚಿನಿಂದ ಸೋರಿತೆಂದರೆ ಸುತ್ತ ಟೇಪು ಅಂಟಿಸಿದೆವು. ಮತ್ತೆ ಸೋರಿದರೆ ಟೇಪಿನ ಮೇಲೆ ಇನ್ನೊಂದು ಟೇಪು. ಚೀಲವನ್ನು ಚರ್ಮಕ್ಕೆ ಅಂಟಿಸಿ ಹಿಡಿಯುವ, ಮೂರು ದಿನ ಬರಬೇಕಾದ ಪ್ಲೇಟು ಎರಡು ದಿನಕ್ಕೆ, ಆಮೇಲೆ ಒಂದೇ ದಿನಕ್ಕೆ ಬಂತು. ಅಪ್ಪ ಜಗಲಿಗೆ ಬಂದು ಕೂರುವುದನ್ನು ಬಿಟ್ಟರು. ರಾತ್ರಿ ಊಟ ಬಿಟ್ಟರು. ಅಡಿಕೆ ಸುಲಿಯುವ ಹೊತ್ತಿಗೆ ಬಂದ ಜನರ ಜೊತೆ ಮಾತಾಡಲು ಹೊರಗೆ ಬರದೆ ಕೋಣೆಯಲ್ಲೇ ಉಳಿದರು. ಟೇಪಿನ ಕೆಳಗೆ ಮಲ ಸಿಕ್ಕಿಹಾಕಿಕೊಂಡು ಚರ್ಮವನ್ನು ಸುಡುತ್ತಿದೆ, ಸುಟ್ಟ ಚರ್ಮದಿಂದ ನೀರು ಜಿನುಗಿ ಮುಂದಿನ ಪ್ಲೇಟು ಅಂಟದ ಹಾಗೆ ಮಾಡುತ್ತಿದೆ ಎನ್ನುವುದು ನಮಗೆ ಹೊಳೆದಿರಲಿಲ್ಲ. ಕೊಲೊಸ್ಟಮಿ ಇದ್ದ ಮೇಲೆ ಸೋರುವುದು ಸಹಜವೆಂದೇ ನಂಬಿದ್ದೆವು. ಅದು ಸಹಜವಲ್ಲ. ಸೋರಿಕೆಗೆ ಕಾರಣವಿರುತ್ತದೆ, ದಾರಿಯಿರುತ್ತದೆ. ಆ ದಾರಿ ಎಲ್ಲಿಂದ ಹೊರಟಿತು ಎಂಬುದು ಕಿತ್ತು ಬಿಸಾಡುವ ಪ್ಲೇಟಿನ ಹಿಂಬದಿಯಲ್ಲೇ ಅಚ್ಚೊತ್ತಿರುತ್ತದೆ.

ಮೊದಲು ಸ್ಟೋಮಾದ ಬಗ್ಗೆ ಎರಡು ಮಾತು. ದೊಡ್ಡ ಕರುಳಿನ ತುದಿಯನ್ನು ಹೊಟ್ಟೆಯ ಗೋಡೆಯಿಂದ ಹೊರತಂದು, ಅಂಚನ್ನು ಮಗುಚಿ ಚರ್ಮಕ್ಕೆ ಹೊಲಿಯುತ್ತಾರೆ. ಹೊರಗೆ ಕಾಣುವ ಆ ತುದಿಯೇ ಸ್ಟೋಮಾ. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಬಾಯಿ ಎಂದರ್ಥ. ನೋಡಲೂ ನಮ್ಮ ಕೆನ್ನೆಯ ಒಳಮೈಯಂತೆ ಕೆಂಪಗೆ, ತೇವವಾಗಿ ಇರುತ್ತದೆ. ಗುದದ್ವಾರಕ್ಕಿರುವ ಹಾಗೆ ಅದಕ್ಕೆ ಬಿಗಿಹಿಡಿಯುವ ಸ್ನಾಯುವಿಲ್ಲ, ಹಾಗಾಗಿ ಮಲ ಬರುವುದನ್ನು ತಡೆಹಿಡಿಯಲಾಗದು. ಮುಟ್ಟಿದರೆ, ಕೊಯ್ದರೆ ನೋವು ತಿಳಿಸುವ ನರಗಳೂ ಇಲ್ಲ. ಪ್ಲೇಟಿನ ಅಂಚು ಸ್ಟೋಮಾವನ್ನು ಉಜ್ಜಿ ಗಾಯ ಮಾಡುತ್ತಿದ್ದರೂ ಹೊತ್ತವರಿಗೆ ಗೊತ್ತಾಗುವುದಿಲ್ಲ. ಕಣ್ಣಿಂದ ನೋಡಿಯೇ ತಿಳಿಯಬೇಕು.

ಸ್ಟೋಮಾ ಕರುಳಿನ ಯಾವ ಭಾಗದಲ್ಲಿದೆ ಎನ್ನುವುದು ಮುಖ್ಯ. ಸಣ್ಣ ಕರುಳಿನಿಂದ ದೊಡ್ಡ ಕರುಳಿಗೆ ದಿನಕ್ಕೆ ಸುಮಾರು ಒಂದೂವರೆ ಲೀಟರಿನಷ್ಟು ದ್ರವ ಇಳಿಯುತ್ತದೆ. ದೊಡ್ಡ ಕರುಳು ಅದರ ಬಹುಪಾಲು ನೀರನ್ನು ಹೀರಿಕೊಂಡು, ಕೊನೆಗೆ 100ರಿಂದ 200 ಗ್ರಾಂ ಮಲವನ್ನಷ್ಟೇ ಉಳಿಸುತ್ತದೆ. ಅಪ್ಪನ ಹಾಗೆ ಕರುಳಿನ ಕೊನೆಯ ಭಾಗದಲ್ಲಿ, ಅಂದರೆ ಎಡಗಡೆ ಸ್ಟೋಮಾ ಇದ್ದವರಿಗೆ ಮಲ ಗಟ್ಟಿಯಾಗಿ ಬರುತ್ತದೆ. ನಡುಭಾಗದಲ್ಲಿದ್ದರೆ ಮುದ್ದೆಯಂತೆ, ಬಲಗಡೆಯಿದ್ದರೆ ನೀರಾಗಿ. ಸಣ್ಣ ಕರುಳಿನಿಂದಲೇ ಹೊರತಂದ ಇಲಿಯೊಸ್ಟಮಿಯಲ್ಲಿ ಜೀರ್ಣರಸಗಳೂ ಜೊತೆಗೇ ಬರುವುದರಿಂದ ಅದು ಚರ್ಮವನ್ನು ಬಹಳ ಬೇಗ ತಿನ್ನುತ್ತದೆ. ಕೊಲೊಸ್ಟಮಿಯ ಮಲ ಅಷ್ಟು ಖಾರವಲ್ಲ. ಹಾಗೆಂದು ಗಂಟೆಗಟ್ಟಲೆ ಚರ್ಮಕ್ಕೆ ಮೆತ್ತಿಕೊಂಡಿದ್ದರೆ ಅದೂ ಬಿಡುವುದಿಲ್ಲ.

ಇನ್ನು ಅಂಟಿನ ವಿಷಯ. ಹಲಸಿನಹಣ್ಣು ಕೊಯ್ಯುವ ಮುನ್ನ ನಮ್ಮ ಮನೆಗಳಲ್ಲಿ ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಎಣ್ಣೆಯ ತೆಳುಪದರ ಇದ್ದಲ್ಲಿ ಮೇಣ ಹಿಡಿಯುವುದಿಲ್ಲ. ಹಿಡಿದ ಮೇಣವನ್ನು ಬಿಡಿಸುವುದೂ ಅದೇ ಎಣ್ಣೆ. ಈ ಒಂದು ಅಡುಗೆಮನೆಯ ತಿಳಿವಳಿಕೆಯಲ್ಲಿ ಪ್ಲೇಟು ಅಂಟಿಸುವ ವಿದ್ಯೆಯ ಅರ್ಧ ಭಾಗವಿದೆ. ಸ್ಟೋಮಾದ ಸುತ್ತಲಿನ ಚರ್ಮ ಒಣಗಿದೆಯೆಂದು ಪ್ರೀತಿಯಿಂದ ಕೊಬ್ಬರಿ ಎಣ್ಣೆಯನ್ನೋ ಕ್ರೀಮನ್ನೋ ಸವರಿದರೆ, ಚರ್ಮಕ್ಕೂ ಪ್ಲೇಟಿಗೂ ನಡುವೆ ನಾವೇ ಒಂದು ಜಾರುಪದರ ಹಾಸಿದ ಹಾಗೆ. ಸುವಾಸನೆಯ, ಮೆದುಗೊಳಿಸುವ ಸೋಪುಗಳು ಕೂಡ ಇಂಥದ್ದೇ ಪದರ ಬಿಟ್ಟುಹೋಗುತ್ತವೆ. ಮಕ್ಕಳನ್ನು ಒರೆಸುವ ಒದ್ದೆ ಟಿಶ್ಯೂಗಳೂ ಹಾಗೆಯೇ. ಬೆಚ್ಚಗಿನ ಬರೀ ನೀರು, ಮೆದು ಬಟ್ಟೆ, ಆಮೇಲೆ ಉಜ್ಜದೆ ಒತ್ತಿ ಒರೆಸಿ ಪೂರ್ತಿ ಒಣಗಲು ಬಿಡುವುದು. ಇದಕ್ಕಿಂತ ಹೆಚ್ಚಿನ ಆರೈಕೆಯನ್ನು ಆ ಚರ್ಮ ಬೇಡುವುದಿಲ್ಲ.

ಉಳಿದ ಅರ್ಧವನ್ನು ಕಂಡುಕೊಳ್ಳಲು ಮನುಷ್ಯರಿಗೆ ಬಹಳ ಕಾಲ ಹಿಡಿಯಿತು. 1793ರಲ್ಲಿ ಫ್ರಾನ್ಸಿನ ಬ್ರೆಸ್ಟ್ ಊರಿನಲ್ಲಿ ಡ್ಯುರೆ ಎಂಬ ಶಸ್ತ್ರವೈದ್ಯ ಗುದದ್ವಾರವಿಲ್ಲದೆ ಹುಟ್ಟಿದ ಹಸುಗೂಸಿಗೆ ಕೊಲೊಸ್ಟಮಿ ಮಾಡಿದ. ಆ ಮಗು 45 ವರ್ಷ ಬದುಕಿತು. ನಲವತ್ತೈದು ವರ್ಷ, ಅಂಟುವ ಚೀಲವೊಂದಿಲ್ಲದೆ! ಬಟ್ಟೆ, ಪಟ್ಟಿ, ಡಬ್ಬಿಗಳಲ್ಲಿ ಆ ಜೀವ ಹೇಗೆ ದಿನ ನೂಕಿತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಇಪ್ಪತ್ತನೆಯ ಶತಮಾನ ಅರ್ಧ ಸವೆಯುವವರೆಗೂ ರಬ್ಬರು ಚೀಲ, ಸೊಂಟಪಟ್ಟಿ, ಚರ್ಮವನ್ನೇ ಕಿತ್ತು ತರುವ ಅಂಟುಗಳೇ ಗತಿಯಾಗಿದ್ದವು. 1952ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಶಸ್ತ್ರವೈದ್ಯ ರೂಪರ್ಟ್ ಟರ್ನ್‌ಬುಲ್ ಅವರು ಹಲ್ಲಿನ ಸೆಟ್ಟು ಕೂರಿಸಲು ಬಳಸುತ್ತಿದ್ದ ಕರಾಯ ಗೋಂದಿನ ಪುಡಿ ಒದ್ದೆ ಚರ್ಮಕ್ಕೂ ಅಂಟುತ್ತದೆ, ಅಂಟಿ ಅದನ್ನು ಕಾಪಾಡುತ್ತದೆ ಎಂದು ಕಂಡುಕೊಂಡರು. ಆ ಗೋಂದಿನ ಮರ ಭಾರತದ್ದು. ನೀರಿಲ್ಲದ ಕಲ್ಲುಗುಡ್ಡಗಳ ಮೇಲೆ ಬಿಳಿ ತೊಗಟೆ ಹೊತ್ತು ಬೆಳೆಯುವ, ಸಸ್ಯಶಾಸ್ತ್ರಜ್ಞರು ಸ್ಟೆರ್ಕ್ಯೂಲಿಯಾ ಯುರೆನ್ಸ್ ಎಂದು ಕರೆಯುವ ಮರ. ಅದರ ಕಾಂಡದಿಂದ ಒಸರುವ ಗೋಂದನ್ನು ನಮ್ಮ ಕಾಡಿನ ಜನ ಇಂದಿಗೂ ಬಿಡಿಸಿ ಮಾರುತ್ತಾರೆ. ದೂರದೇಶದ ಆಸ್ಪತ್ರೆಯೊಂದರಲ್ಲಿ ಸುಟ್ಟ ಚರ್ಮಗಳಿಗೆ ಮೊದಲ ತಂಪು ಕೊಟ್ಟದ್ದು ಆ ಗೋಂದು. ಅದೇ ಆಸ್ಪತ್ರೆಯಲ್ಲಿ ಟರ್ನ್‌ಬುಲ್ ಅವರ ರೋಗಿಯಾಗಿದ್ದ, ತಾವೇ ಇಲಿಯೊಸ್ಟಮಿ ಹೊತ್ತಿದ್ದ ನಾರ್ಮಾ ಗಿಲ್ 1958ರಲ್ಲಿ ಇತರ ರೋಗಿಗಳಿಗೆ ಚೀಲ ಹಾಕಿಕೊಳ್ಳುವುದನ್ನು ಕಲಿಸಲು ನಿಂತರು. ಇಂದಿನ ಸ್ಟೋಮಾ ನರ್ಸುಗಳ ಪರಂಪರೆ ಅವರಿಂದ ಶುರುವಾಯಿತು.

ಡೆನ್ಮಾರ್ಕಿನ ಕಥೆ ಇನ್ನೂ ಮನೆಮಟ್ಟದ್ದು. ನರ್ಸ್ ಎಲಿಸೆ ಸೋರೆನ್‌ಸೆನ್ ಅವರ ತಂಗಿ ಥೋರಾ, ಸ್ಟೋಮಾ ಆದ ಮೇಲೆ ಸೋರಿಕೆಗೆ ಹೆದರಿ ಮನೆಯಿಂದ ಹೊರಬೀಳುವುದನ್ನೇ ನಿಲ್ಲಿಸಿದ್ದರು. ತಂಗಿಗಾಗಿ ಎಲಿಸೆ 1954ರಲ್ಲಿ ಅಂಟಿನ ಉಂಗುರವಿರುವ, ಬಳಸಿ ಬಿಸಾಡುವ ಪ್ಲಾಸ್ಟಿಕ್ ಚೀಲವೊಂದನ್ನು ಕಲ್ಪಿಸಿದರು. ಪ್ಲಾಸ್ಟಿಕ್ ತಯಾರಕ ಓಗೆ ಲೂಯಿಸ್-ಹ್ಯಾನ್ಸೆನ್ ಅದನ್ನು ತಯಾರಿಸಲು ಒಪ್ಪಿದರು. 1957ರಲ್ಲಿ ಹುಟ್ಟಿದ ಕೊಲೊಪ್ಲಾಸ್ಟ್ ಕಂಪನಿಯ ಬೇರು ಅಲ್ಲಿದೆ. ಕೋಣೆ ಸೇರಿದ ಅಪ್ಪನನ್ನು ಕಂಡಾಗಲೆಲ್ಲ ನನಗೆ ಥೋರಾ ನೆನಪಾಗುತ್ತಿದ್ದರು.

1970ರ ದಶಕದ ಆರಂಭದಲ್ಲಿ ಬಂದ ಸ್ಟೊಮಾಹೀಸಿವ್ ಎಂಬ ಪದರ ಇಂದಿನ ಪ್ಲೇಟುಗಳ ಅಜ್ಜ. ಇದರ ಮೂಲವೂ ಬಾಯಿಯೇ: ಬಾಯಿಹುಣ್ಣಿನ ಮೇಲೆ, ಒದ್ದೆ ಒಳಪದರಕ್ಕೆ ಅಂಟಬೇಕೆಂದು ತಯಾರಿಸಿದ್ದ ಮಿಶ್ರಣವನ್ನು ಹೊಟ್ಟೆಯ ಚರ್ಮಕ್ಕೆ ತಂದದ್ದು. ಅದರಲ್ಲಿ ನಾಲ್ಕು ಪದಾರ್ಥಗಳು. ಸೀಬೆಹಣ್ಣಿನ ಜೆಲ್ಲಿಯನ್ನು ಗಟ್ಟಿಗೊಳಿಸುವ ಪೆಕ್ಟಿನ್, ಪ್ರಾಣಿಗಳ ಮೂಳೆ ಚರ್ಮದಿಂದ ಬರುವ ಜೆಲಟಿನ್, ಸಸ್ಯದ ನಾರಿನಿಂದ ಮಾಡಿದ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಮತ್ತು ಇವೆಲ್ಲವನ್ನೂ ಹಿಡಿದಿಡುವ ಪಾಲಿಐಸೊಬ್ಯುಟಿಲೀನ್ ಎಂಬ ಜಿಗುಟು ರಬ್ಬರು. ಮೊದಲ ಮೂರು ನೀರು ಕುಡಿಯುತ್ತವೆ. ನಾಲ್ಕನೆಯದು ನೀರಿಗೆ ಬೆನ್ನು ತಿರುಗಿಸಿ ಅಂಟುತ್ತದೆ. ಅಂಟಬೇಕು, ನೀರನ್ನೂ ಕುಡಿಯಬೇಕು; ಈ ಎರಡು ವಿರುದ್ಧ ಗುಣಗಳನ್ನು ಒಂದೇ ಪದರದಲ್ಲಿ ಕೂಡಿಸಿದ್ದೇ ಇದರ ಹೆಚ್ಚುಗಾರಿಕೆ.

ನೀರು ಯಾಕೆ ಕುಡಿಯಬೇಕು? ಬೆವರದಿದ್ದಾಗಲೂ ನಮ್ಮ ಚರ್ಮ ಸದ್ದಿಲ್ಲದೆ ಆವಿ ಬಿಡುತ್ತಿರುತ್ತದೆ. ಒಂದು ಚದರ ಮೀಟರ್ ಆರೋಗ್ಯವಂತ ಚರ್ಮದಿಂದ ಗಂಟೆಗೆ ಸುಮಾರು 5ರಿಂದ 10 ಗ್ರಾಂ. ಅಂಗೈಯಗಲದ, ಹತ್ತು ಸೆಂಟಿಮೀಟರ್ ಚೌಕದ ಪ್ಲೇಟಿನ ಕೆಳಗೆ ಎಂದು ಲೆಕ್ಕ ಹಾಕಿದರೆ ದಿನಕ್ಕೆ ಒಂದರಿಂದ ಎರಡೂವರೆ ಗ್ರಾಂ, ಅಂದರೆ ಸುಮಾರು ಅರ್ಧ ಚಮಚ ನೀರು. ಮೂರ್ನಾಲ್ಕು ದಿನಕ್ಕೆ ಒಂದೆರಡು ಚಮಚ. ಇಷ್ಟನ್ನು ಹೀರಿಕೊಳ್ಳದ ಅಂಟಾದರೆ ಕೆಳಗೆ ನೀರು ನಿಂತು ಚರ್ಮ ಬೆಳ್ಳಗೆ ಬೆಂದು ಸಡಿಲವಾಗುತ್ತದೆ. ಪ್ಲೇಟು ಆ ನೀರನ್ನು ಕುಡಿಯುತ್ತ ಉಬ್ಬುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ತನ್ನ ಬಿಗಿ ಕಳೆದುಕೊಳ್ಳುತ್ತದೆ. ಪ್ಲೇಟಿನ ಆಯುಸ್ಸು ಮುಗಿಯುವುದು ಎಂದರೆ ಇದೇ. ಇತ್ತ ಹೊರಮೈಯಿಂದ ಬೆವರು, ಅತ್ತ ನಡುವಿನ ರಂಧ್ರದಿಂದ ಮಲ ಮತ್ತು ಸ್ಟೋಮಾದ ಲೋಳೆ. ಮೂರೂ ಕಡೆಯಿಂದ ಅದು ಸವೆಯುತ್ತಿರುತ್ತದೆ. ರಾಯಚೂರು ಕಲಬುರಗಿಯ ಬೇಸಿಗೆಯಲ್ಲಿ, ಮಂಗಳೂರಿನ ಜಿಗುಟು ಸೆಕೆಯಲ್ಲಿ ಅದೇ ಪ್ಲೇಟು ಒಂದು ದಿನ ಕಡಿಮೆ ಬಂದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಬಳಸದ ಪ್ಲೇಟುಗಳಿಗೂ ಬಿಸಿ ಆಗದು. ಬಿಸಿಲಿಗೆ ನಿಂತ ಕಾರಿನಲ್ಲಿ, ಹಂಚಿನ ಕೆಳಗಿನ ಅಟ್ಟದಲ್ಲಿ ಇಟ್ಟರೆ ಅಂಟು ಮೊದಲೇ ಕರಗಿ ಕೆಡುತ್ತದೆ.

ಅಂಟಿನ ಇನ್ನೊಂದು ಸ್ವಭಾವ ಹೇಳಬೇಕು. ಹಣೆಯ ಸ್ಟಿಕ್ಕರ್ ಬೊಟ್ಟನ್ನು ಪಕ್ಕಕ್ಕೆ ಜಾರಿಸಲು ನೋಡಿ, ಸುಲಭವಾಗಿ ಜಾರದು. ಅದೇ ಉಗುರಿನಿಂದ ಅಂಚೆತ್ತಿದರೆ ಒಂದೇ ಕ್ಷಣದಲ್ಲಿ ಕೈಗೆ ಬರುತ್ತದೆ. ಎಲ್ಲ ಅಂಟುಪದರಗಳೂ ಹೀಗೆಯೇ: ಎಳೆತಕ್ಕೆ ಬಲ, ಸುಲಿತಕ್ಕೆ ದುರ್ಬಲ. ಅರ್ಧ ಲೀಟರು ತುಂಬಿದ ಚೀಲವೆಂದರೆ ಅರ್ಧ ಕಿಲೋ ತೂಕ. ಅದು ನೇತಾಡುತ್ತ ಪ್ಲೇಟಿನ ಮೇಲಂಚನ್ನು ನಿಧಾನಕ್ಕೆ ಸುಲಿಯುತ್ತಲೇ ಇರುತ್ತದೆ. ಚೀಲ ಮೂರನೇ ಒಂದು ಭಾಗ, ಹೆಚ್ಚೆಂದರೆ ಅರ್ಧ ತುಂಬುವಷ್ಟರಲ್ಲಿ ಖಾಲಿ ಮಾಡಬೇಕು ಎನ್ನುವುದು ಈ ಕಾರಣಕ್ಕೆ. ಗಾಳಿ ತುಂಬಿ ಬಲೂನಿನಂತೆ ಉಬ್ಬಿದ ಚೀಲವೂ ಅಂಚನ್ನು ಹೀಗೆಯೇ ಎತ್ತುತ್ತದೆ. ಅವರೆಕಾಳಿನ ಸುಗ್ಗಿಯಲ್ಲಿ, ಮೂಲಂಗಿ ಹುಳಿ ಉಂಡ ರಾತ್ರಿ ಅಪ್ಪ ಒಮ್ಮೆ ಎದ್ದು ಗಾಳಿ ಬಿಟ್ಟು ಮಲಗುವುದನ್ನು ರೂಢಿ ಮಾಡಿಕೊಂಡರು. ಅವರೆಕಾಳು ಬಿಡಲಿಲ್ಲ. ಬಿಡಬೇಕಾಗಿಯೂ ಇರಲಿಲ್ಲ.

ಇಷ್ಟೆಲ್ಲ ಓದಿಕೊಂಡಿದ್ದರೂ ನಮ್ಮ ಮನೆಯ ಸೋರಿಕೆ ಮಾತ್ರ ನಿಂತಿರಲಿಲ್ಲ. ಎಣ್ಣೆ ಬಿಟ್ಟೆವು, ಸೋಪು ಬಿಟ್ಟೆವು. ಪ್ಲೇಟು ಅಂಟಿಸಿದ ಮೇಲೆ ಅಂಗೈ ಬಿಸಿ ತಾಗಿಸಿ ಕೆಲವು ನಿಮಿಷ ಒತ್ತಿ ಹಿಡಿದೆವು. ಆ ಅಂಟು ಬಿಸಿಗೂ ಒತ್ತಡಕ್ಕೂ ಮೆದುವಾಗಿ ಚರ್ಮದ ಸಣ್ಣ ಗೆರೆಗಳೊಳಗೆ ಹರಿದು ಕೂರುವುದರಿಂದ ಅದು ನಿಜಕ್ಕೂ ಉಪಯೋಗದ ಕೆಲಸ. ಒಂದು ದಿನ ಬಾಳುತ್ತಿದ್ದುದು ಒಂದೂವರೆ ದಿನ ಬಾಳಿತು, ಅಷ್ಟೆ. ಕೊನೆಗೆ ಸ್ಟೋಮಾ ನೋಡಿಕೊಳ್ಳುವ ಸಿಸ್ಟರ್ ಒಬ್ಬರ ಬಳಿ ಅಪ್ಪನನ್ನು ಕರೆದುಕೊಂಡು ಹೋದೆ. ನಾನು ವಿವರಿಸತೊಡಗಿದರೆ ಅವರು ಅರ್ಧಕ್ಕೇ ಕೇಳಿದರು, "ಬಿಚ್ಚಿದ ಪ್ಲೇಟ್ ತಂದಿದ್ದೀರಾ?"

ಯಾರಾದರೂ ಅದನ್ನು ತರುತ್ತಾರೆಯೇ? ಕಾಗದದಲ್ಲಿ ಸುತ್ತಿ, ಮೂಗು ಮುಚ್ಚಿ ಎಸೆಯುವ ವಸ್ತು ಅದು. ಅವರು ಅಲ್ಲೇ ಅಪ್ಪನ ಪ್ಲೇಟನ್ನು ಬಿಡಿಸಿದರು. ಕಿತ್ತೆಳೆಯಲಿಲ್ಲ. ಒಂದು ಕೈಯಿಂದ ಮೇಲಂಚನ್ನು ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ಚರ್ಮವನ್ನು ಕೆಳಕ್ಕೆ ಒತ್ತುತ್ತ, ಬಾಳೆಯ ಸಿಪ್ಪೆ ಬಿಡಿಸಿದಷ್ಟು ನಿಧಾನವಾಗಿ. ನಮ್ಮ ಚರ್ಮದ ತೀರ ಹೊರಗಿನ ರಕ್ಷಣಾಪದರ ತಲೆಗೂದಲಿನ ದಪ್ಪಕ್ಕಿಂತಲೂ ತೆಳು. ಪ್ರತಿ ಸಲ ಪ್ಲೇಟು ಬರುವಾಗ ಅದರ ಒಂದಿಷ್ಟು ಕಣಗಳೂ ಜೊತೆಗೆ ಬರುತ್ತವೆ, ಜೋರಾಗಿ ಎಳೆದರೆ ಇನ್ನೂ ಹೆಚ್ಚು. ಆಮೇಲೆ ಸಿಸ್ಟರ್ ಆ ಪ್ಲೇಟನ್ನು ಬೆಳಕಿಗೆ ಹಿಡಿದು ಹಿಂಬದಿಯನ್ನು ನನಗೆ ತೋರಿಸಿದರು.

ಪ್ಲೇಟಿನ ಬಹುಭಾಗ ಹೊಸದರಂತೆಯೇ ಇತ್ತು, ತಿಳಿ ಕಂದು ಬಣ್ಣ, ನುಣುಪು. ನಡುವಿನ ರಂಧ್ರದ ಸುತ್ತ ತೆಳುವಾದ ಬಿಳಿಚಿದ ಉಂಗುರ, ತೇವ ಕುಡಿದು ಉಬ್ಬಿದ ಭಾಗ. ಅಷ್ಟು ಎಲ್ಲರಲ್ಲೂ ಇರುತ್ತದೆ. ಆದರೆ ಒಂದು ಕಡೆಗೆ ಮಾತ್ರ ಆ ಉಂಗುರದಿಂದ ಹೊರಟ ಕಂದು ಕಾಲುವೆಯೊಂದು ನೇರವಾಗಿ ಅಂಚಿನತ್ತ ಹರಿದಿತ್ತು. ಉಳಿದೆಲ್ಲ ಕಡೆ ಗಟ್ಟಿಯಾಗಿಯೇ ಅಂಟಿದ್ದ ಪ್ಲೇಟು, ಒಂದೇ ಒಂದು ಗೆರೆಯಲ್ಲಿ ಸೋತಿತ್ತು. ಇಷ್ಟು ದಿನ ನಾವು ಅಂಟು ಸಾಲದೆಂದು ತಿಳಿದು ಟೇಪು ಸುತ್ತುತ್ತಿದ್ದೆವು. ಅಂಟಿನದು ತಪ್ಪೇ ಇರಲಿಲ್ಲ.

ಹಿಂಬದಿಯ ಈ ನಕ್ಷೆಯನ್ನು ಓದುವುದು ಕಷ್ಟವಲ್ಲ. ಉಂಗುರ ಸುತ್ತಲೂ ಸಮನಾಗಿ ಅಗಲವಾಗಿ ಕರಗಿದ್ದರೆ ಪ್ಲೇಟನ್ನು ಅತಿ ಹೆಚ್ಚು ದಿನ ಇಟ್ಟಿರುತ್ತೀರಿ, ಇಲ್ಲವೆ ರಂಧ್ರವನ್ನು ಅಗಲವಾಗಿ ಕತ್ತರಿಸಿರುತ್ತೀರಿ. ಒಂದೇ ದಿಕ್ಕಿಗೆ ಕಾಲುವೆಯಿದ್ದರೆ ಅಲ್ಲಿ ಚರ್ಮದಲ್ಲಿ ಮಡಿಕೆ, ಹಳೆಯ ಗಾಯದ ಗೆರೆ, ತಗ್ಗು ಏನೋ ಇದೆ. ಹೊರಅಂಚು ಮಾತ್ರ ಎದ್ದಿದ್ದು ಒಳಗೆಲ್ಲ ಸರಿಯಿದ್ದರೆ ಬೆವರು, ಕೂದಲು, ಇಲ್ಲವೆ ಲಾಡಿ ಬೆಲ್ಟುಗಳ ಉಜ್ಜಾಟ. ಕೂದಲನ್ನು ಬುಡಕ್ಕೆ ಬೋಳಿಸುವುದಕ್ಕಿಂತ ಟ್ರಿಮ್ಮರಿನಲ್ಲಿ ಗಿಡ್ಡವಾಗಿಸುವುದು ಒಳ್ಳೆಯದು. ಬ್ಲೇಡು ತಾಗಿದ ಕೂದಲಬುಡಗಳಲ್ಲಿ ಗುಳ್ಳೆ ಏಳುವುದುಂಟು.

ನಕ್ಷೆ ಸಿಕ್ಕಿತೆಂಬ ಹುಮ್ಮಸ್ಸಿನಲ್ಲಿ ನಾನು ಒಂದು ತಪ್ಪು ಮಾಡಿದೆ. ಇನ್ನೊಬ್ಬರು ಮಾಡದಿರಲಿ ಎಂದು ಹೇಳುತ್ತಿದ್ದೇನೆ. ಕಾಲುವೆ ಪ್ಲೇಟಿನ ಹಿಂಬದಿಯಲ್ಲಿ ಗಡಿಯಾರದ ಮೂರು ಗಂಟೆಯ ಕಡೆಗಿತ್ತು. ಆ ನೆನಪಿನ ಮೇಲೆ ಮನೆಯಲ್ಲಿ ಅಪ್ಪನ ಎದುರು ಕೂತು, ಸ್ಟೋಮಾದ ಮೂರು ಗಂಟೆಯ ಕಡೆ, ಅಂದರೆ ಅವರ ಎಡಸೊಂಟದ ಕಡೆಗೆ, ಪ್ಲೇಟಿನ ಜೊತೆ ಬಳಸುವ ಪೇಸ್ಟ್ ತುಂಬಿದೆ. ಎರಡು ವಾರ ತುಂಬಿದೆ. ಸೋರಿಕೆ ಹಾಗೆಯೇ ಇತ್ತು. ಪ್ಲೇಟನ್ನು ಮಗುಚಿದಾಗ ಎಡಬಲ ಅದಲುಬದಲಾಗುತ್ತದೆ, ಕನ್ನಡಿಯಲ್ಲಿ ಆಗುವ ಹಾಗೆ. ಹಿಂಬದಿಯಲ್ಲಿ ಮೂರು ಗಂಟೆಯಾಗಿ ಕಂಡದ್ದು ಮೈಮೇಲೆ ಒಂಬತ್ತು ಗಂಟೆ, ಹೊಕ್ಕುಳಿನ ದಿಕ್ಕು. ಈಗ ಬಿಡಿಸುವ ಮುನ್ನವೇ ಪ್ಲೇಟಿನ ಮೇಲೆ ಪೆನ್ನಿನಿಂದ ತಲೆಯ ಕಡೆಗೊಂದು, ಹೊಕ್ಕುಳಿನ ಕಡೆಗೊಂದು ಗುರುತು ಹಾಕಿಬಿಡುತ್ತೇವೆ. ಎರಡು ಚುಕ್ಕಿಗಳು ಸಾಕು.

ಹೊಕ್ಕುಳಿನ ಕಡೆಗೆ ಏನಿತ್ತು? ಅಪ್ಪ ಮಂಚದ ಮೇಲೆ ಮಲಗಿರುವಾಗ ಏನೂ ಕಾಣುತ್ತಿರಲಿಲ್ಲ, ಹೊಟ್ಟೆ ಸಮತಟ್ಟು. ನಾವು ಪ್ಲೇಟು ಹಾಕುತ್ತಿದ್ದುದೂ ಅವರು ಮಲಗಿರುವಾಗಲೇ. ಎರಡನೆಯ ಭೇಟಿಯಲ್ಲಿ ಸಿಸ್ಟರ್, "ಯಜಮಾನ್ರೇ, ಮನೇಲಿ ಹೆಂಗ್ ಕೂರ್ತೀರೋ ಹಂಗೇ ಒಂದ್ಸಲ ಕೂತ್ಕೊಳ್ಳಿ" ಎಂದರು. ಅಪ್ಪ ಚಕ್ಕಳಮಕ್ಕಳ ಹಾಕಿ ಕೂತು, ಎಲೆಯಡಿಕೆ ತಟ್ಟೆಗೆ ಬಾಗುವ ಹಾಗೆ ಮುಂದಕ್ಕೆ ಬಾಗಿದರು. ಹೊಕ್ಕುಳಿನಿಂದ ಸ್ಟೋಮಾದವರೆಗೆ ಅಡ್ಡಡ್ಡಲಾಗಿ ಒಂದು ಆಳದ ಮಡಿಕೆ ಮೂಡಿತು. ಕಂದು ಕಾಲುವೆ ಹರಿದಿದ್ದುದು ಅದೇ ಗೆರೆಯಲ್ಲಿ.

ಸ್ಟೋಮಾದ ಜಾಗವನ್ನು ಆಪರೇಷನ್ನಿನ ಮುಂಚೆಯೇ ಗುರುತಿಸಬೇಕು, ರೋಗಿಯನ್ನು ಮಲಗಿಸಿ, ಕೂರಿಸಿ, ನಿಲ್ಲಿಸಿ, ಬಾಗಿಸಿ ನೋಡಿ ಗುರುತಿಸಬೇಕು ಎಂದು ಈ ವಿದ್ಯೆ ಬಲ್ಲವರು ಹೇಳುವುದು ಇದಕ್ಕೇ. ಹೊಟ್ಟೆಯ ನಡುಸ್ನಾಯುವಿನ ಮೇಲೆ, ಹೊಕ್ಕುಳು, ಮಡಿಕೆ, ಹಳೆಯ ಗಾಯಗಳಿಂದ ದೂರ, ರೋಗಿಯ ಕಣ್ಣಿಗೆ ಕಾಣುವ ಕಡೆ. ನಮ್ಮಲ್ಲಿ ಇನ್ನೂ ಒಂದೆರಡು ಕೇಳಬೇಕು: ಪಂಚೆಯ ಗಂಟು ಎಲ್ಲಿ ಬರುತ್ತದೆ, ಲಂಗದ ಲಾಡಿ ಎಲ್ಲಿ ಬಿಗಿಯುತ್ತದೆ, ನೆಲದ ಮೇಲೆ ಕೂತು ಉಣ್ಣುತ್ತಾರೆಯೇ, ಗದ್ದೆಯಲ್ಲಿ ಬಾಗಿ ನಾಟಿ ಮಾಡುತ್ತಾರೆಯೇ. ತುರ್ತು ಆಪರೇಷನ್‌ಗಳಲ್ಲಿ ಇದಕ್ಕೆ ಸಮಯ ಸಿಗುವುದಿಲ್ಲ. ದಿನ ಗೊತ್ತುಮಾಡಿದ ಆಪರೇಷನ್ ಆದರೆ, ರೋಗಿಯ ಮನೆಯವರು ಬಾಯಿಬಿಟ್ಟು ಕೇಳಲೇಬೇಕಾದ ಮಾತಿದು.

ಜಾಗ ಬದಲಿಸಲಾಗದು, ತಗ್ಗನ್ನು ತುಂಬಬಹುದು. ಪೇಸ್ಟ್ ಎನ್ನುವ ಹೆಸರು ಕೇಳಿ ನಾನದನ್ನು ಅಂಟು ಎಂದುಕೊಂಡಿದ್ದೆ. ಅದು ಮೇಸ್ತ್ರಿ ಬಿರುಕಿಗೆ ತುಂಬುವ ಗಾರೆಯಂಥದ್ದು. ಚರ್ಮಕ್ಕೆಲ್ಲ ಬಳಿದರೆ ಪ್ಲೇಟು ಜಾರುತ್ತದೆ. ತಗ್ಗಿನಲ್ಲಿ ಮಾತ್ರ, ತಗ್ಗು ಸಮನಾಗುವಷ್ಟು ಮಾತ್ರ ಇಡಬೇಕು. ಕೆಲವು ಪೇಸ್ಟುಗಳಲ್ಲಿ ಆಲ್ಕೋಹಾಲ್ ಇರುವುದರಿಂದ ಸುಲಿದ ಚರ್ಮದ ಮೇಲೆ ಚುರುಗುಟ್ಟುತ್ತದೆ. ಅದಕ್ಕಿಂತ ಅನುಕೂಲ, ಕಣಕದ ಹಾಗೆ ಬೆರಳಲ್ಲಿ ತಿದ್ದಬಹುದಾದ ರಿಂಗುಗಳು. ಬೇಕಾದಲ್ಲಿ ದಪ್ಪ, ಬೇಡವಾದಲ್ಲಿ ತೆಳು ಮಾಡಿ ಸ್ಟೋಮಾದ ಸುತ್ತ ಕೂರಿಸಬಹುದು. ಸ್ಟೋಮಾ ಚರ್ಮದ ಮಟ್ಟಕ್ಕೆ ಇಳಿದುಹೋಗಿದ್ದರೆ, ಇಲ್ಲವೆ ಒಳಗೆ ಸರಿದಿದ್ದರೆ, ಮಲ ಚೀಲಕ್ಕೆ ಬೀಳುವ ಬದಲು ಪ್ಲೇಟಿನ ಕೆಳಗೇ ನುಗ್ಗುತ್ತದೆ. ಆಗ ಉಬ್ಬು ಪ್ಲೇಟು ಬೇಕಾಗುತ್ತದೆ. ಅದರ ಒಳಮೈಯ ಉಬ್ಬು ಸುತ್ತಲಿನ ಚರ್ಮವನ್ನು ಒತ್ತಿ ಸ್ಟೋಮಾವನ್ನು ಮುಂದಕ್ಕೆ ತರುತ್ತದೆ, ಜೊತೆಗೆ ಬೆಲ್ಟು ಹಾಕಿದರೆ ಇನ್ನಷ್ಟು ಭದ್ರ. ಸ್ಟೋಮಾದ ಪಕ್ಕದಲ್ಲಿ ಕರುಳು ಉಬ್ಬಿಕೊಳ್ಳುವ ಹರ್ನಿಯಾ ಕಾಲಕ್ರಮದಲ್ಲಿ ಅನೇಕರಿಗೆ ಆಗುತ್ತದೆ. ಅಂಥವರಿಗೆ ಗಟ್ಟಿ ಉಬ್ಬು ಪ್ಲೇಟು ಒತ್ತಿ ಹುಣ್ಣು ಮಾಡಬಹುದು, ಆದ್ದರಿಂದ ತಿಳಿದವರನ್ನು ಕೇಳದೆ ಕೊಳ್ಳಬಾರದು.

ಅಳತೆಯ ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಆಪರೇಷನ್ನಿನ ನಂತರ ಊದಿಕೊಂಡಿರುವ ಸ್ಟೋಮಾ ಆರರಿಂದ ಎಂಟು ವಾರಗಳವರೆಗೆ ಕುಗ್ಗುತ್ತ ಹೋಗುತ್ತದೆ. ಆಸ್ಪತ್ರೆಯಿಂದ ಹೊರಡುವಾಗ ಕತ್ತರಿಸಿಕೊಟ್ಟ ಅಳತೆಯನ್ನೇ ನಾವು ಎರಡು ತಿಂಗಳು ಬಳಸಿದ್ದೆವು. ಹೀಗೆ ಮಾಡಿದರೆ ರಂಧ್ರಕ್ಕೂ ಸ್ಟೋಮಾಕ್ಕೂ ನಡುವೆ ಬೆರಳಗಲ ಚರ್ಮ ಬಯಲಾಗಿ ಮಲದಲ್ಲಿ ನೆನೆಯುತ್ತದೆ. ಪ್ರತಿ ವಾರ ಅಳೆದು, ಸ್ಟೋಮಾದ ಆಕಾರಕ್ಕೇ ಕತ್ತರಿಸಿ, ಸುತ್ತ ಎರಡು ಮೂರು ಮಿಲಿಮೀಟರ್ ಮಾತ್ರ ಬಿಡಬೇಕು. ಅಪ್ಪನದು ದುಂಡಗಿರಲಿಲ್ಲ, ಮಾವಿನಕಾಯಿಯ ಹಾಗೆ ಕೋಲಾಗಿತ್ತು. ದುಂಡು ರಂಧ್ರದಲ್ಲಿ ಕೋಲು ಸ್ಟೋಮಾ ಕೂತರೆ ಎರಡು ಬದಿಯಲ್ಲಿ ಸಂದು ಉಳಿಯುವುದು ಖಂಡಿತ. ಮೈತೂಕ ಏರಿದಾಗ ಇಳಿದಾಗಲೂ ಮತ್ತೆ ಅಳೆಯಬೇಕು, ಮಡಿಕೆಗಳ ಜಾಗ ಬದಲಾಗಿರುತ್ತದೆ.

ಪ್ಲೇಟು ಬದಲಿಸಲು ಒಳ್ಳೆಯ ಹೊತ್ತು ಬೆಳಿಗ್ಗೆ, ಕಾಫಿಗೂ ಮುಂಚೆ. ಹೊಟ್ಟೆಗೆ ಏನಾದರೂ ಬಿದ್ದ ಕೂಡಲೆ ದೊಡ್ಡ ಕರುಳು ಎಚ್ಚೆತ್ತು ತಳ್ಳತೊಡಗುತ್ತದೆ, ಹಲವರಿಗೆ ಕಾಫಿಯೊಂದೇ ಸಾಕು. ಸ್ಟೋಮಾ ಸುಮ್ಮನಿರುವಾಗ ಚರ್ಮ ಒಣಗಿಸಿ ಅಂಟಿಸಿದ ಪ್ಲೇಟಿಗೂ, ಅವಸರದಲ್ಲಿ ಅಂಟಿಸಿದ ಪ್ಲೇಟಿಗೂ ಒಂದು ದಿನದ ಅಂತರ ಬರುವುದನ್ನು ನಾವು ಕಂಡಿದ್ದೇವೆ. ಚರ್ಮ ಕೆಂಪಾಗಿ ನೀರು ಜಿನುಗುತ್ತಿದ್ದರೆ ಸ್ಟೋಮಾ ಪೌಡರನ್ನು ಉದುರಿಸಿ, ಹಸಿ ಹೀರಿಕೊಂಡ ಮೇಲೆ ಉಳಿದ ಪುಡಿಯನ್ನು ಪೂರ್ತಿ ಕೊಡವಿಬಿಡಬೇಕು. ಉಳಿದ ಪುಡಿ ಎಣ್ಣೆಯಷ್ಟೇ ಶತ್ರು. ಮುಖಕ್ಕೆ ಹಾಕುವ ಪೌಡರು ಈ ಕೆಲಸಕ್ಕೆ ಬಾರದು. ಕೆಂಪಿನ ಸುತ್ತ ಸಣ್ಣಸಣ್ಣ ಚುಕ್ಕಿಗಳೆದ್ದು ತುರಿಸುತ್ತಿದ್ದರೆ ಅದು ಬೂಷ್ಟಿನ ಸೋಂಕಿರಬಹುದು, ಡಾಕ್ಟರಿಗೆ ತೋರಿಸಿ.

ಗಟ್ಟಿ ಮಲದವರಿಗೆ ಇನ್ನೊಂದು ಕಾಟವಿದೆ. ಚೀಲದ ಎರಡು ಪದರಗಳು ಒಂದಕ್ಕೊಂದು ಅಂಟಿಕೊಂಡು, ಮಲ ಕೆಳಗಿಳಿಯದೆ ಸ್ಟೋಮಾದ ಸುತ್ತಲೇ ರೊಟ್ಟಿ ತಟ್ಟಿದ ಹಾಗೆ ಹರಡಿ, ಪ್ಲೇಟಿನ ಕೆಳಗೆ ತೂರುತ್ತದೆ. ಚೀಲ ಹಾಕುವ ಮುನ್ನ ಒಳಗೆ ಒಂದಿಷ್ಟು ಗಾಳಿ ಊದಿ, ಗಾಳಿ ಹೋಗುವ ಫಿಲ್ಟರಿನ ಮೇಲೆ ಜೊತೆಗೆ ಬರುವ ಸ್ಟಿಕ್ಕರ್ ಅಂಟಿಸಿದರೆ ಪದರಗಳು ಬೇರೆಯಾಗಿ ನಿಲ್ಲುತ್ತವೆ. ಚೀಲದ ಒಳಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಉಜ್ಜುವುದೂ ಉಂಟು. ಚರ್ಮಕ್ಕೆ ಬೇಡವೆಂದ ಎಣ್ಣೆಗೆ ಇಲ್ಲಿ ಕೆಲಸವಿದೆ, ಪ್ಲೇಟಿನ ಕಡೆಗೆ ತಾಗದ ಹಾಗೆ ನೋಡಿಕೊಳ್ಳಬೇಕಷ್ಟೆ. ನೀರು ಸಾಕಷ್ಟು ಕುಡಿಯುವುದರಿಂದಲೂ ಅನುಕೂಲವಿದೆ.

ಹಾಗಾದರೆ ಒಂದು ಪ್ಲೇಟು ಎಷ್ಟು ದಿನ ಬರಬೇಕು? ಪ್ಲೇಟು ಬೇರೆ, ಚೀಲ ಬೇರೆ ಇರುವ ಬಗೆಯಲ್ಲಿ ಮೂರು ನಾಲ್ಕು ದಿನ ಎನ್ನುವುದು ಸಾಮಾನ್ಯ ಲೆಕ್ಕ. ಎಷ್ಟೇ ಚೆನ್ನಾಗಿ ಕೂತಿದ್ದರೂ ವಾರಕ್ಕಿಂತ ಹೆಚ್ಚು ಇಡಬಾರದು. ಆದರೆ ಈ ಪ್ರಶ್ನೆಯ ಹಿಂದೆ ನಮ್ಮ ದೇಶದಲ್ಲಿ ದುಡ್ಡಿನ ನೋವಿದೆ. ಪ್ಲೇಟುಗಳು ಅಗ್ಗವಲ್ಲ, ಬಹಳ ಮಂದಿಗೆ ಅವು ಕೈಯಿಂದಲೇ ಹೋಗುವ ಖರ್ಚು. ಇನ್ನೊಂದು ದಿನ, ಇನ್ನೊಂದೇ ದಿನ ಎಂದು ಎಳೆದು, ಸೋರಿದ ಮೇಲೆ ಬದಲಿಸುವವರನ್ನು ನಾನು ಕಂಡಿದ್ದೇನೆ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಆದರೂ ಲೆಕ್ಕ ಹೇಳಲೇಬೇಕು. ಸೋರಿ ಸುಟ್ಟ ಚರ್ಮ ಮುಂದಿನ ಮೂರು ಪ್ಲೇಟುಗಳ ಆಯುಸ್ಸನ್ನು ತಿನ್ನುತ್ತದೆ. ಮೂರನೆಯ ದಿನ ಸೋರುವ ಮುನ್ನವೇ ಬಿಡಿಸಿ ಹಿಂಬದಿ ನೋಡಿ. ಬಿಳಿ ಉಂಗುರ ತೆಳುವಾಗಿದ್ದರೆ ಮುಂದಿನದನ್ನು ನಾಲ್ಕು ದಿನ ಇಡಬಹುದು. ಅಗಲವಾಗಿದ್ದರೆ ಎರಡು ದಿನಕ್ಕೆ ಇಳಿಸಿ, ಕಾರಣ ಹುಡುಕಿ. ನಿಮ್ಮ ಮೈಗೆ, ನಿಮ್ಮ ಊರಿನ ಹವೆಗೆ ಒಪ್ಪುವ ದಿನವೆಷ್ಟು ಎಂದು ಹೀಗೆ ಗೊತ್ತಾದ ಮೇಲೆ ಆ ದಿನಕ್ಕೆ ಬದಲಿಸಿದರಾಯಿತು. ನಡುವೆ ಉರಿಯೋ ತುರಿಕೆಯೋ ಶುರುವಾದರೆ ಮಾತ್ರ ದಿನ ಎಣಿಸದೆ ಕೂಡಲೇ ಬಿಡಿಸಬೇಕು, ಅದು ಒಳಗೆ ನೀರಿಳಿದ ಸೂಚನೆ. ಮುಂಬಯಿಯ ಟಾಟಾ ಮೆಮೊರಿಯಲ್ ಆಸ್ಪತ್ರೆಯಲ್ಲಿ ಸ್ಟೋಮಾ ನರ್ಸಿಂಗ್ ತರಬೇತಿ ಇದೆ, ಅದೇ ಊರಿನಲ್ಲಿ ಆಸ್ಟೊಮಿ ಅಸೋಸಿಯೇಷನ್ ಆಫ್ ಇಂಡಿಯಾ ಕೆಲಸ ಮಾಡುತ್ತಿದೆ. ತರಬೇತಿ ಪಡೆದ ಒಬ್ಬ ಸಿಸ್ಟರ್ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಇದ್ದಿದ್ದರೆ ಎಷ್ಟು ಪ್ಲೇಟುಗಳು, ಎಷ್ಟು ಚರ್ಮ ಉಳಿಯುತ್ತಿತ್ತೋ!

ಎಡಗಡೆಯ ಕೊಲೊಸ್ಟಮಿಯವರಲ್ಲಿ ಕೆಲವರಿಗೆ ಬೇರೊಂದು ದಾರಿಯೂ ಇದೆ. ದಿನಕ್ಕೋ ಎರಡು ದಿನಕ್ಕೋ ಒಮ್ಮೆ ಸ್ಟೋಮಾದ ಮೂಲಕ ಅರ್ಧದಿಂದ ಒಂದು ಲೀಟರು ಉಗುರುಬೆಚ್ಚಗಿನ ನೀರು ಹರಿಸಿ ಕರುಳನ್ನು ಖಾಲಿ ಮಾಡಿಕೊಂಡರೆ, ಉಳಿದ ಹೊತ್ತು ಸಣ್ಣ ಮುಚ್ಚಳದಂಥ ಚೀಲ ಸಾಕಾಗುತ್ತದೆ. ಇದನ್ನು ಡಾಕ್ಟರ ಒಪ್ಪಿಗೆ ಪಡೆದು, ನರ್ಸಿನ ಎದುರಿನಲ್ಲೇ ಕಲಿಯಬೇಕು. ಹರ್ನಿಯಾ ಇದ್ದವರಿಗೆ, ರೇಡಿಯೇಷನ್ ಆದವರಿಗೆ ಹೊಂದದಿರಬಹುದು. ಇನ್ನು ಸ್ಟೋಮಾದ ಬಣ್ಣ ನೇರಳೆಗೋ ಕಪ್ಪಿಗೋ ತಿರುಗಿದರೆ, ಒಳಗಿನಿಂದ ರಕ್ತ ಬಂದರೆ, ಹೊಟ್ಟೆನೋವು ವಾಂತಿಯ ಜೊತೆ ಚೀಲಕ್ಕೆ ಏನೂ ಬೀಳದಿದ್ದರೆ, ಅದು ಪ್ಲೇಟಿನ ವಿಷಯವಲ್ಲ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಅಪ್ಪನ ವಿಷಯದಲ್ಲಿ ಕೊನೆಗೆ ಮಾಡಿದ್ದು ಇಷ್ಟು. ಹೊಸ ಅಳತೆಯಲ್ಲಿ, ಕೋಲಾಕಾರಕ್ಕೆ ಕತ್ತರಿಸಿದ ಮೆದು ಪ್ಲೇಟು. ಹೊಕ್ಕುಳಿನ ಕಡೆಯ ಮಡಿಕೆಗೆ ಅರ್ಧ ರಿಂಗು, ಅಪ್ಪ ಕೂತು ಬಾಗಿದಾಗ ಎಷ್ಟು ತಗ್ಗಾಗುತ್ತದೆ ಎಂದು ನೋಡಿ ತಿದ್ದಿದ್ದು. ಅಂಟಿಸುವಾಗ ಮಲಗುವ ಬದಲು ನಿಂತುಕೊಂಡು, ಹೊಟ್ಟೆಯ ಚರ್ಮವನ್ನು ಮೇಲಕ್ಕೆ ಎಳೆದು ಹಿಡಿದು. ಟೇಪು ಒಂದಿಂಚೂ ಇಲ್ಲ. ಮೂರನೆಯ ದಿನ ಬೆಳಿಗ್ಗೆ, ಕಾಫಿಗೆ ಹಾಲು ಕಾಯುತ್ತಿರುವಾಗ, ಅಪ್ಪ ತಾವೇ ಪ್ಲೇಟು ಬಿಡಿಸಿ, ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಪೆನ್ನಿನ ಎರಡು ಚುಕ್ಕಿ. ನಡುವೆ ಕಡಲೆಕಾಳಿನಗಲದ ಬಿಳಿ ಉಂಗುರ, ಸುತ್ತಲೂ ಒಂದೇ ಸಮ. ಹೊಕ್ಕುಳಿನ ಕಡೆಗೆ ಏನೂ ಇರಲಿಲ್ಲ. "ಇನ್ನೂ ಒಂದು ದಿನ ಬರ್ತಿತ್ತೇನೋ" ಎಂದರು.